ಬುಡ ಅಗೆದು ನೋಡಿದ ಮೇಲೆಯೇ ಅಣಬೆ ನಮ್ಮ ಒಲೆಗೆ

ಫೋಂಡಾದ ನಮ್ಮ ಮನೆಯ ಹಿಂದಿನ ಗೋಡಂಬಿ ತೋಟದಲ್ಲಿ, ಮಳೆ ಬಿಡದೆ ಹಿಡಿದ ಆಷಾಢದ ದಿನಗಳಲ್ಲಿ, ಹುತ್ತದ ಅಣಬೆ ಏಳುತ್ತದೆ. ಗೋವಾದವರು ಅದನ್ನು ಅಳ್ಮಿ ಎಂದು ಕರೆದು, ರಸ್ತೆಯ ಬದಿಯಲ್ಲಿ ಎಲೆಯ ಮೇಲೆ ಹರಡಿ, ಎಣಿಕೆಯ ಲೆಕ್ಕದಲ್ಲಿ ಮಾರುತ್ತಾರೆ. ಹಾವೇರಿಯಿಂದ ಬಂದ ಹೊಸತರಲ್ಲಿ ನಾನೂ ಕೊಂಡು ತರುತ್ತಿದ್ದೆನೇ ಹೊರತು ಆರಿಸಿ ತರುವ ಧೈರ್ಯ ನನಗಿರಲಿಲ್ಲ. ಪಕ್ಕದ ಮನೆಯ ಕೊಂಕಣಿ ಅಜ್ಜಿಯ ಹಿಂದೆ ಮೂರು ಮಳೆಗಾಲ ತಿರುಗಿದ ಮೇಲೆ ಆ ಧೈರ್ಯ ಬಂತು.

ಅಜ್ಜಿ ಮೊದಲು ಹೇಳಿಕೊಟ್ಟದ್ದು ಅಣಬೆಯನ್ನು ಕೀಳಬಾರದು, ಅಗೆಯಬೇಕು ಎಂಬುದನ್ನು. ಹುತ್ತದ ಅಣಬೆಯ ಕೊಡೆಯ ನಡುವೆ ಮೊನಚಾದ ಗುಬುಟು ಇರುತ್ತದೆ. ದಂಟು ಮಣ್ಣಿನೊಳಗೆ ಬೇರಿನಂತೆ ಸಣ್ಣಗಾಗುತ್ತ, ಗೆದ್ದಲು ಹುಳುಗಳು ನೆಲದಡಿ ಬೆಳೆಸಿಕೊಂಡ ಶಿಲೀಂಧ್ರದ ಗೂಡಿನವರೆಗೂ ಇಳಿದಿರುತ್ತದೆ. ನಾನು ಗೇಣುದ್ದ ಮಣ್ಣನ್ನು ಬೆರಳಿನಿಂದಲೇ ಬಿಡಿಸಿ, ಬೇರು ಕಂಡೊಡನೆ ನಿಲ್ಲಿಸುತ್ತೇನೆ. ಕೊನೆಯವರೆಗೂ ಅಗೆದರೆ ಆ ಗೂಡು ಒಡೆಯುತ್ತದೆ, ಗೂಡಿಲ್ಲದೆ ಈ ಅಣಬೆ ಏಳುವುದೇ ಇಲ್ಲ.

ಅಜ್ಜಿಯ ಮಾತಿನ ಬೆಲೆ ಪೂರ್ತಿ ತಿಳಿದದ್ದು ಡೆತ್ ಕ್ಯಾಪ್ ಎಂಬ ಅಣಬೆಯ ಬಗ್ಗೆ ಓದಿದಾಗ. ಯುರೋಪಿನ ಓಕ್ ಮರಗಳ ಬೇರಿನೊಂದಿಗೆ ಹೆಣೆದುಕೊಂಡು, ಮರಕ್ಕೆ ನೀರು ಮತ್ತು ಖನಿಜಗಳನ್ನು ಒದಗಿಸಿ, ಬದಲಿಗೆ ಸಕ್ಕರೆ ಪಡೆದು ಬದುಕುವ ಈ ಅಣಬೆಯ ದಂಟಿನ ಬುಡದಲ್ಲಿ ತೆಳುವಾದ ಬಿಳಿಯ ಚೀಲವಿರುತ್ತದೆ. ದಂಟನ್ನು ಮೇಲಿಂದ ಮುರಿದುಕೊಂಡರೆ ಆ ಗುರುತು ಮಣ್ಣಿನಲ್ಲೇ ಉಳಿದುಬಿಡುತ್ತದೆ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದ 6ರಿಂದ 12 ಗಂಟೆಗಳ ನಂತರವಷ್ಟೇ ವಾಂತಿ ಭೇದಿ ಶುರುವಾಗುತ್ತದೆ, ಆಮೇಲೆ ರೋಗಿ ಚೇತರಿಸಿಕೊಂಡಂತೆ ಕಾಣುವ ಹೊತ್ತಿನಲ್ಲೇ ಯಕೃತ್ತು ಕೆಡುತ್ತಿರುತ್ತದೆ. ಗೋವಾದಲ್ಲಿ ಓಕ್ ಕಾಡುಗಳಿಲ್ಲ ನಿಜ. ಆದರೆ ಅದೇ ಅಮಾನಿಟಾ ಕುಲದ ಬೇರೆ ಅಣಬೆಗಳು ಪಶ್ಚಿಮ ಘಟ್ಟದಲ್ಲಿವೆ. ಆದ್ದರಿಂದ ಬುಡದಲ್ಲಿ ಚೀಲ ಕಂಡರೆ, ಅದು ಯಾವ ಜಾತಿಯೇ ಇರಲಿ, ನಾನು ಬುಟ್ಟಿಗೆ ಹಾಕುವುದಿಲ್ಲ.

ಬುಡದ ಪರೀಕ್ಷೆಯೊಂದನ್ನೇ ನಂಬಿದರೂ ಸಾಲದು. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿರುವ, ಗೌಂಡಿ ಕೆಲಸ ಮಾಡುವ ನಮ್ಮೂರಿನ ಹುಡುಗನೊಬ್ಬ, ಹುಲ್ಲುಹಾಸಿನಲ್ಲಿ ಎದ್ದ ದೊಡ್ಡ ಬಿಳಿ ಅಣಬೆಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು, “ಅಕ್ಕಾ, ಇವನ್ನ ಪಲ್ಯ ಮಾಡಬಹುದೇನ್ರೀ?” ಎಂದು ಕೇಳಿದ. ಬುಡದಲ್ಲಿ ಚೀಲವಿರಲಿಲ್ಲ, ಹಾಗೆಂದು ಉದ್ದನೆಯ ಬೇರೂ ಇರಲಿಲ್ಲ. “ಇವತ್ತ ಬ್ಯಾಡ, ಒಂದ್ ರಾತ್ರಿ ತಡಿಯಪ್ಪಾ” ಎಂದು, ಒಂದರ ದಂಟು ಕತ್ತರಿಸಿ, ಕೊಡೆಯನ್ನು ಅದರ ಒಳಬದಿ ಕೆಳಗಾಗುವಂತೆ ಬಿಳಿ ಹಾಳೆಯ ಮೇಲಿಟ್ಟು, ಮೇಲೆ ಸ್ಟೀಲಿನ ಬಟ್ಟಲು ಮುಚ್ಚಿದೆ. ಹುತ್ತದ ಅಣಬೆಯಾಗಿದ್ದರೆ ಉದುರುವ ಬೀಜಕಣಗಳಿಂದ ಹಾಳೆಯ ಮೇಲೆ ನಸುಗೆಂಪು ಬಣ್ಣ ಕೂರಬೇಕು. ಬೆಳಿಗ್ಗೆ ಬಟ್ಟಲು ತೆಗೆದಾಗ ಚಕ್ರದ ಅರಗಳಂತೆ ಮೂಡಿದ್ದ ಗೆರೆಗಳು ಮಸುಕು ಹಸಿರಾಗಿದ್ದವು. ಹಸಿರು ಬೀಜಕಣ ಉದುರಿಸುವ ಆ ಜಾತಿ ಹೊಟ್ಟೆಯನ್ನು ತೀವ್ರವಾಗಿ ಕೆಡಿಸುತ್ತದೆ. ಹುಡುಗ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಉಳಿದ ಅಣಬೆಗಳನ್ನು ತಾನೇ ಒಯ್ದು, ಮಕ್ಕಳ ಕೈಗೆ ಸಿಗದಂತೆ ತೋಟದ ಮೂಲೆಯಲ್ಲಿ ಹೂತು ಬಂದ.