ಸೋಶಿಯಾಲಜಿ ಡಿಗ್ರಿ, ಯಾರೂ ಓದದ ಕಾಲಮ್ಮು ಮತ್ತು ನನ್ನ ಸಂಪಾದನೆ

ಸೋಶಿಯಾಲಜಿ ಓದಿದರೆ ಪಾಠ ಹೇಳುವುದು ಬಿಟ್ಟು ಬೇರೆ ದಾರಿ ಇಲ್ಲ ಎಂದು ನನಗೆ ಹೇಳಿದವರು ತುಂಬಾ ಜನ. ಅವರಲ್ಲೇ ಕೆಲವರು ಈಗ ತಮ್ಮ ಮಕ್ಕಳನ್ನು, ಪರಿಚಯದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ಓದುವ ನೀವೂ ಇದೇ ಡಿಗ್ರಿಯವರು ಎಂದುಕೊಂಡಿದ್ದೇನೆ. ಸ್ಯಾಂಪ್ಲಿಂಗ್, ಕೋಡಿಂಗ್ ಎಲ್ಲ ಉದ್ದಕ್ಕೆ ವಿವರಿಸುತ್ತಾ ಕೂರುವುದಿಲ್ಲ.

ನನ್ನ ಕೆಲಸ ಇಷ್ಟೇ. ಸಂಸ್ಥೆಗಳು ಸರ್ವೆ ಮಾಡುತ್ತವೆ. ಟಿಕ್ ಹಾಕಿದ ಉತ್ತರಗಳಿಂದ ಚಾರ್ಟ್ ಬರುತ್ತದೆ. ಜನ ತಮ್ಮ ಮಾತಿನಲ್ಲಿ ಬರೆದ ಉತ್ತರಗಳು ಎಕ್ಸೆಲ್‌ನ ಕೊನೆಯ ಕಾಲಮ್ಮಿನಲ್ಲಿ ಹಾಗೇ ಬಿದ್ದಿರುತ್ತವೆ. ಅವನ್ನು ನಾನು ಓದಿ, ಕೋಡ್ ಮಾಡಿ (ಅಂದರೆ ಪ್ರತಿ ಉತ್ತರಕ್ಕೂ ಅದರ ವಿಷಯದ ಹೆಸರು ಹಚ್ಚಿ), ಎಣಿಸಿ, ಏನು ಬದಲಿಸಬಹುದು ಎಂದು ಹೇಳುತ್ತೇನೆ. ಅಲ್ಲಿಂದ ಶುರುವಾಗಿದ್ದು ಈಗ ಸಂದರ್ಶನ, ಪ್ರಶ್ನಾವಳಿ, ಯೂಸರ್ ರಿಸರ್ಚ್ (ಆಪ್, ವೆಬ್‌ಸೈಟ್ ಥರದ್ದನ್ನು ಜನ ಬಳಸುವಾಗ ಎಲ್ಲಿ ತೊಡಕಾಗುತ್ತದೆ ಎಂದು ನೋಡುವುದು) ತನಕ ಬಂದಿದೆ.

ಇಲ್ಲಿಗೆ ಬರುವ ಮುಂಚೆ ಹಣ, ವರ್ಷ ಎರಡೂ ಹೋದವು. ಮೊದಲು ಎಚ್‌ಆರ್ ಕೆಲಸಗಳಿಗೆ ಅರ್ಜಿ ಹಾಕಿದೆ. ಅವರಿಗೆ ಬೇಕಿದ್ದದ್ದು ಸಂಬಳದ ಲೆಕ್ಕ, ಕಾರ್ಮಿಕ ಕಾನೂನು ಗೊತ್ತಿರುವವರು. ನನ್ನ ಡಿಗ್ರಿಯನ್ನು ನೋಡಿ "ಚೆನ್ನಾಗಿದೆ" ಅನ್ನುತ್ತಿದ್ದರು, ಕರೆಯುತ್ತಿರಲಿಲ್ಲ. ಆಮೇಲೆ ಫೀಲ್ಡ್ ಸರ್ವೆ. ಒಂದು ಫಾರ್ಮಿಗೆ ಇಷ್ಟು ಎಂದು ಕೊಡುತ್ತಿದ್ದರು. ಓಡಾಟದ ಖರ್ಚಿಗೇ ಅದರಲ್ಲಿ ಕಾಲು ಭಾಗ ಹೋಗುತ್ತಿತ್ತು. ಮರುಪರಿಶೀಲನೆಗೆಂದು ಹತ್ತಕ್ಕೊಂದು ಮನೆಗೆ ಸೂಪರ್‌ವೈಸರ್ ಮತ್ತೆ ಹೋಗುತ್ತಿದ್ದರು. ಅಲ್ಲಿ ಉತ್ತರ ಹೊಂದದಿದ್ದರೆ ಫಾರ್ಮ್ ರದ್ದು, ದುಡ್ಡೂ ಇಲ್ಲ. ಆದರೂ ಆ ಕೆಲಸ ಕಲಿಸಿದಷ್ಟು ಯಾವ ಪಠ್ಯವೂ ಕಲಿಸಲಿಲ್ಲ. ಯಾವ ಪ್ರಶ್ನೆಗೆ ಜನ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ, ಯಾವುದಕ್ಕೆ ನಮ್ಮನ್ನು ಖುಷಿಪಡಿಸಲು ಉತ್ತರ ಕೊಡುತ್ತಾರೆ ಅನ್ನುವುದು ಅಲ್ಲೇ ಗೊತ್ತಾಯಿತು.

ಟ್ರಾನ್ಸ್‌ಕ್ರಿಪ್ಷನ್, ಅಂದರೆ ಆಡಿಯೋ ಕೇಳಿ ಬರಹಕ್ಕಿಳಿಸುವುದು, ಅದನ್ನೂ ಮಾಡಿದೆ. ಒಂದು ಗಂಟೆಯ ಆಡಿಯೋಗೆ ನನಗೆ ಐದಾರು ಗಂಟೆ ಹಿಡಿಯುತ್ತಿತ್ತು. ನಾಲ್ಕು ಜನ ಒಟ್ಟಿಗೆ ಮಾತಾಡಿದ ಫೋಕಸ್ ಗ್ರೂಪ್ ಆದರೆ ಇಡೀ ದಿನ. ಹಣ ಮಾತ್ರ ಆಡಿಯೋ ನಿಮಿಷದ ಲೆಕ್ಕದಲ್ಲಿ. ನನ್ನ ದುಡಿಮೆಯ ಗಂಟೆಗೆ ಭಾಗಿಸಿದಾಗ ಫೀಲ್ಡ್ ಸರ್ವೆಗಿಂತಲೂ ಕಡಿಮೆ ಬಂತು. ಆಮೇಲೆ ಸಾಲ ಮಾಡಿ ಡೇಟಾ ಅನಲಿಟಿಕ್ಸ್ ಸರ್ಟಿಫಿಕೇಟ್ ತೆಗೆದುಕೊಂಡೆ. ಆ ಸರ್ಟಿಫಿಕೇಟನ್ನು ಈ ತನಕ ಒಬ್ಬ ಗ್ರಾಹಕರೂ ಕೇಳಿಲ್ಲ. ಅದರಲ್ಲಿ ಕಲಿತ ಆರ್ (R) ಎಂಬ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ ಮಾತ್ರ ದಿನಾ ಕೆಲಸಕ್ಕೆ ಬರುತ್ತದೆ, ಮತ್ತು ಅದನ್ನು ಪುಕ್ಕಟೆಯಾಗಿ ಕಲಿಯಬಹುದಿತ್ತು. ಸಾಲ ತೀರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕಾಯಿತು.

ದಾರಿ ತೆರೆದದ್ದು ಒಂದು ತರಬೇತಿ ಸಂಸ್ಥೆಯ ಫೀಡ್‌ಬ್ಯಾಕ್ ಫೈಲಿನಿಂದ. ಕಲಿಯುವವರು ಕೊಟ್ಟ ರೇಟಿಂಗ್ ಐದಕ್ಕೆ ನಾಲ್ಕರ ಮೇಲಿತ್ತು. ಆದರೂ ಮೂರರಲ್ಲಿ ಒಬ್ಬರು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಕೊನೆಯ ಕಾಲಮ್ಮಿನಲ್ಲಿ "ಇನ್ನೇನಾದರೂ ಹೇಳುವುದಿದೆಯೇ?" ಎಂಬ ಪ್ರಶ್ನೆಗೆ ಎಂಟೊಂಬತ್ತು ನೂರು ಉತ್ತರ ಇದ್ದವು. "ಅದನ್ನು ಬಿಡಿ, ಚಾರ್ಟ್ ಆಗಿದೆಯಲ್ಲ" ಅಂದರು. ನನಗೆ ಕೊಡಿ, ದುಡ್ಡು ಬೇಡ ಎಂದೆ. ಪುಕ್ಕಟೆ ಮಾಡಿದ್ದು ಅದೊಂದೇ.

"ಸಮಯ" ಎಂದು ಬರೆದವರು ತುಂಬಾ ಜನ ಇದ್ದರು. ಕ್ಲಾಸು ಉದ್ದವಾಯಿತು ಎಂದೇ ಸಂಸ್ಥೆಯವರು ತಿಳಿದಿದ್ದರು, ಮೊಟಕು ಮಾಡಲು ಹೊರಟಿದ್ದರು. ನಾನು ಆ ಉತ್ತರಗಳನ್ನು ಬಿಡಿಸಿ ಮೂರು ಕೋಡ್ ಮಾಡಿದೆ: ಕ್ಲಾಸಿನ ಉದ್ದ, ಶುರುವಾಗುವ ಹೊತ್ತು, ಮನೆ ತಲುಪುವ ಹೊತ್ತು. ಉದ್ದದ ಬಗ್ಗೆ ದೂರಿದವರು ಬೆರಳೆಣಿಕೆಯಷ್ಟು. ಶುರುವಾಗುವ ಹೊತ್ತಿನ ಬಗ್ಗೆ ಬರೆದವರೇ ಜಾಸ್ತಿ. ಅವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳಿರುವ ಹೆಂಗಸರು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಮೊದಲ ಅರ್ಧ ಗಂಟೆ ತಪ್ಪುತ್ತಿತ್ತು. ಅಲ್ಲಿಂದ ಪಾಠ ಹಿಂದೆ ಬಿದ್ದು ಕೊನೆಗೆ ಬಿಡುವುದೇ ಆಗುತ್ತಿತ್ತು. ಫಾರ್ಮ್ ತುಂಬಿಸಿದ್ದು ಕೋರ್ಸಿನ ಮಧ್ಯದಲ್ಲಿ. ಅದಕ್ಕೇ ಆಮೇಲೆ ಬಿಟ್ಟು ಹೋದವರ ಮಾತೂ ಅದರಲ್ಲಿ ಸಿಕ್ಕಿತು. ಕೊನೆಯ ದಿನ ತುಂಬಿಸಿದ್ದರೆ ಉಳಿದವರ ಹೊಗಳಿಕೆ ಮಾತ್ರ ಸಿಗುತ್ತಿತ್ತು, ಅಲ್ವಾ? ಒಂದು ಬ್ಯಾಚನ್ನು ಮುಕ್ಕಾಲು ಗಂಟೆ ತಡವಾಗಿ ಶುರು ಮಾಡಿ ನೋಡಿದರು. ಬಿಟ್ಟು ಹೋಗುವವರು ಅರ್ಧದಷ್ಟು ಕಡಿಮೆಯಾದರು ಎಂದು ಅವರೇ ಲೆಕ್ಕ ಕೊಟ್ಟರು. ಮುಂದಿನ ಮೂರು ಗ್ರಾಹಕರು ಅವರ ಬಾಯಿಮಾತಿನಿಂದಲೇ ಬಂದರು.

ಕೋಡಿಂಗ್ ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲ ನೂರು ಉತ್ತರಗಳನ್ನು ಸುಮ್ನೆ ಓದುತ್ತೇನೆ, ಏನೂ ಬರೆಯುವುದಿಲ್ಲ. ಆಮೇಲೆ ಕೋಡ್‌ಬುಕ್. ಪ್ರತಿ ಕೋಡಿಗೆ ನಾಲ್ಕು ಸಾಲು: ಅರ್ಥ, ಸೇರಿಸಬೇಕಾದ್ದು, ಹೊರಗಿಡಬೇಕಾದ್ದು, ಒಂದು ಉದಾಹರಣೆ. ಕೋಡುಗಳು ಇಪ್ಪತ್ತು ದಾಟಿದರೆ ಯಾವುದೋ ಎರಡು ಒಂದೇ ಆಗಿವೆ ಎಂದು ಅರ್ಥ. ಆಮೇಲೆ ಇನ್ನೊಬ್ಬರಿಂದ ಸುಮಾರು ಐದರಲ್ಲಿ ಒಂದು ಭಾಗ ಕೋಡ್ ಮಾಡಿಸಿ ಕೊಹೆನ್ ಕಪ್ಪಾ ನೋಡುತ್ತೇನೆ. ಇಬ್ಬರ ಕೋಡಿಂಗ್ ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕಿ ಅದು, ಪೂರ್ತಿ ಹೊಂದಿದರೆ 1. ಒಂದು ಆಸ್ಪತ್ರೆಯ ಕೆಲಸದಲ್ಲಿ ಮೊದಲ ಸಲ 0.5ರ ಹತ್ತಿರ ಬಂತು. ಜಗಳ ಇದ್ದದ್ದು ಒಂದೇ ಥರದ ಉತ್ತರದಲ್ಲಿ: "ಕೇಳಿದರೆ ಹೇಳುವುದಿಲ್ಲ." ಇದು ಸಿಬ್ಬಂದಿಯ ವರ್ತನೆಯೋ, ಮಾಹಿತಿಯ ಕೊರತೆಯೋ? ನಾನು ಒಂದಕ್ಕೆ ಹಾಕಿದ್ದೆ, ಜೊತೆಯವರು ಇನ್ನೊಂದಕ್ಕೆ. ದನಿ, ಮುಖ, ಗದರಿಕೆಯ ಮಾತು ಇದ್ದರೆ ಮಾತ್ರ ವರ್ತನೆ, ಇಲ್ಲದಿದ್ದರೆ ಮಾಹಿತಿ ಎಂದು ನಿಯಮ ಬರೆದೆವು. ಮತ್ತೆ ಮಾಡಿದಾಗ 0.8ರ ಹತ್ತಿರ. 0.61ರ ಮೇಲೆ ಒಳ್ಳೆಯ ಹೊಂದಾಣಿಕೆ ಎನ್ನುವ 1977ರ ಅಳತೆಪಟ್ಟಿ ನಿಮಗೆ ಗೊತ್ತಿರುತ್ತದೆ. ನಾನು 0.75ಕ್ಕಿಂತ ಕೆಳಗಿರುವುದನ್ನು ಗ್ರಾಹಕರಿಗೆ ಕೊಡುವುದಿಲ್ಲ. ಮೀಟಿಂಗಿನಲ್ಲಿ ಯಾರಾದರೂ ಒಬ್ಬರು "ಇದು ನಿಮ್ಮ ಅಭಿಪ್ರಾಯ ತಾನೆ?" ಎಂದು ಕೇಳಿಯೇ ಕೇಳುತ್ತಾರೆ. ಆಗ ಈ ಅಂಕಿ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಯಾವ ಸಂಸ್ಥೆಯ ಹತ್ತಿರ ಓದದ ಕಾಲಮ್ಮು ಇದೆ ಎಂದು ಹೊರಗಿನಿಂದಲೇ ಪತ್ತೆ ಹಚ್ಚಲು ನನ್ನದೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ನನ್ನ ಅನ್ನ ಅದರಲ್ಲಿದೆ. ವರದಿಯ ಮೊದಲ ಪುಟದಲ್ಲಿ ಯಾವುದನ್ನು ಎಲ್ಲಿಡುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಹಣದ ವಿಷಯ ಮಾತ್ರ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮವರು ತುಂಬಾ ಸೋಲುತ್ತಾರೆ. ಮೊದಲು ಉತ್ತರಕ್ಕೆ ಇಷ್ಟು ಎಂದು ದರ ಇಟ್ಟೆ. ಒಂದು ಕಡೆ ಎರಡು ಪದದ ಉತ್ತರ, ಇನ್ನೊಂದು ಕಡೆ ಒಂದೊಂದು ಪುಟದ ಗೋಳು, ಎರಡಕ್ಕೂ ಒಂದೇ ದರ. ಗಂಟೆ ಲೆಕ್ಕಕ್ಕೆ ಬದಲಿಸಿದೆ. ಗ್ರಾಹಕರಿಗೆ ಅನುಮಾನ ಶುರುವಾಯಿತು, ಓದುವುದಕ್ಕೆ ಇಷ್ಟು ಹೊತ್ತು ಯಾಕೆ ಎಂದು. ಈಗ ಇಡೀ ಕೆಲಸಕ್ಕೆ ಒಂದೇ ಮೊತ್ತ. ಐವತ್ತು ಉತ್ತರ ಮೊದಲೇ ತರಿಸಿಕೊಂಡು ಓದಿ ಆಮೇಲೆ ದರ ಹೇಳುತ್ತೇನೆ. ಅರ್ಧ ಮುಂಗಡ, ಉಳಿದದ್ದು ಕರಡು ವರದಿ ಕೊಟ್ಟಾಗ. ಒಂದು ಸಂಸ್ಥೆ ಪೂರ್ತಿ ವರದಿ ಪಡೆದು ಉಳಿದ ಅರ್ಧವನ್ನು ಇನ್ನೂ ಕೊಟ್ಟಿಲ್ಲ. ಅಂತಿಮ ವರದಿಯ ತನಕ ಕಾಯುವುದನ್ನು ಅಂದಿನಿಂದ ನಿಲ್ಲಿಸಿದೆ. ಎರಡನೇ ವರ್ಷದ ಕೊನೆಗೆ ತಿಂಗಳ ಸರಾಸರಿ ಫೀಲ್ಡ್ ಸರ್ವೆಯ ದಿನಗಳ ಎರಡೂವರೆ ಪಟ್ಟು ಆಯಿತು. ಈಗ ನಾಲ್ಕು ಪಟ್ಟು ಇರಬಹುದು. ಖಾಲಿ ತಿಂಗಳುಗಳು ಇದ್ದೇ ಇರುತ್ತವೆ, ಮೂರು ತಿಂಗಳ ಬಾಡಿಗೆ ಪಕ್ಕಕ್ಕಿಡದೆ ಇದಕ್ಕೆ ಇಳಿಯಬೇಡಿ.

ಮಧ್ಯೆ ಎಐಗೆ ಕೋಡಿಂಗ್ ಕೊಟ್ಟು ನೋಡಿದೆ. ನಾನು ಆಗಲೇ ಕೋಡ್ ಮಾಡಿದ್ದ ಸುಮಾರು ಇನ್ನೂರು ಉತ್ತರ ಕೊಟ್ಟೆ. ನಿಮಿಷಗಳಲ್ಲಿ ಮುಗಿಸಿತು, ವಿಷಯಗಳ ಹೆಸರು ಚೆನ್ನಾಗಿದ್ದವು. ಆದರೆ "ಹೊಸ ಕೌಂಟರ್ ಬಂದ ಮೇಲೆ ಹೊರಗೆ ಕಾಯುವುದು ಕಡಿಮೆಯಾಗಿದೆ, ಈಗ ಒಳಗೆ ಕಾಯುತ್ತೇವೆ" ಎಂಬ ಉತ್ತರವನ್ನು ಮೆಚ್ಚುಗೆಗೆ ಹಾಕಿತ್ತು. ಅಂಥವು ಹತ್ತಕ್ಕೊಂದು ಇದ್ದವು, ಮತ್ತು ಗ್ರಾಹಕರಿಗೆ ಬೇಕಾದ್ದು ಅಂಥವೇ. ಈಗ ಅದನ್ನು ಮೂರನೇ ಕೋಡರ್ ಥರ ಬಳಸುತ್ತೇನೆ. ನಮ್ಮಿಬ್ಬರಿಗಿಂತ ಅದು ಬೇರೆ ಹೇಳಿದ ಉತ್ತರಗಳನ್ನು ಮಾತ್ರ ಮತ್ತೆ ಓದುತ್ತೇವೆ.

ಯೂಸರ್ ರಿಸರ್ಚಿಗೆ ಹೋಗುವ ಆಸೆ ಇರುವವರಿಗೆ ಒಂದು ಮಾತು. ಅಲ್ಲಿ "ಐದು ಜನರನ್ನು ಕೂರಿಸಿ ನೋಡಿದರೆ ಸಾಕು, 85 ಶೇಕಡಾ ತೊಂದರೆ ಸಿಗುತ್ತದೆ" ಎಂದು ಹೇಳುತ್ತಲೇ ಇರುತ್ತಾರೆ. ಒಬ್ಬ ಬಳಕೆದಾರರಿಂದ ಸರಾಸರಿ 31 ಶೇಕಡಾ ತೊಂದರೆ ಹೊರಬರುತ್ತದೆ ಎಂಬ ಲೆಕ್ಕದಿಂದ ಬಂದ ಮಾತು ಅದು. ಬಳಸುವವರೆಲ್ಲ ಒಂದೇ ಥರದವರಾದರೆ ಸರಿ. ಒಂದು ಕೆಲಸದಲ್ಲಿ ನಾನು ಕೇಳಿದ್ದು ಒಂದೇ, ಯಾವ ಐದು ಜನ? ಆಫೀಸಿನ ಪಕ್ಕದವರನ್ನೇ ಕೂರಿಸಿದ್ದರು. ಓದಲು ತಡವರಿಸುವ ಐವರನ್ನು ಕರೆತಂದಾಗ ಮೊದಲ ಪರದೆಯಲ್ಲೇ ನಿಂತುಹೋದರು. ಆ ಪ್ರಶ್ನೆ ಕೇಳುವುದು ನಮಗೆ ಮೂರು ವರ್ಷ ಅಭ್ಯಾಸವಾಗಿದೆ, ಡಿಸೈನ್ ಓದಿ ಬಂದವರಿಗೆ ಅಷ್ಟು ಇರುವುದಿಲ್ಲ. ಮಾರ್ಕೆಟ್ ರಿಸರ್ಚಿನವರ ಮುಂದೆಯೂ ಹಿಂಜರಿಯಬೇಡಿ. ಅವರ ಫೋಕಸ್ ಗ್ರೂಪಿನ ಬೇರು 1940ರ ದಶಕದಲ್ಲಿ ಸೋಶಿಯಾಲಜಿಸ್ಟ್ ರಾಬರ್ಟ್ ಮರ್ಟನ್ ರೇಡಿಯೋ ಕೇಳುಗರ ಜೊತೆ ನಡೆಸಿದ ಸಂದರ್ಶನಗಳಲ್ಲಿದೆ. ಮರ್ಟನ್ ನಮ್ಮವರೇ.

"ಎಷ್ಟು ಜನರ ಹತ್ತಿರ ಮಾತಾಡಿದರೆ ಸಾಕು?" ಎಂದು ಸಂದರ್ಶನದ ಗ್ರಾಹಕರು ಕೇಳುತ್ತಾರೆ. 60 ಸಂದರ್ಶನಗಳಲ್ಲಿ ಮೊದಲ 12ರೊಳಗೇ ಹೆಚ್ಚಿನ ವಿಷಯ ಬಂದುಬಿಟ್ಟಿತ್ತು ಎಂದು ತೋರಿಸಿದ 2006ರ ಅಧ್ಯಯನ ಇಲ್ಲಿ ಕೈಹಿಡಿಯುತ್ತದೆ. ನಾನು ಪ್ರತಿ ಗುಂಪಿಗೆ 12 ಎಂದು ದರ ಹಾಕಿ, ಬೇಕಾದರೆ ಇನ್ನೂ ನಾಲ್ಕು ಎಂದು ಒಪ್ಪಂದದಲ್ಲೇ ಬರೆಸುತ್ತೇನೆ.

ರೆಸ್ಯೂಮೆಯಲ್ಲಿ ನನ್ನ ಪ್ರಬಂಧದ ಹೆಸರು ಎರಡು ಸಾಲು ಇತ್ತು, ಯಾರಿಗೂ ಅರ್ಥ ಆಗುತ್ತಿರಲಿಲ್ಲ. ತೆಗೆದು ಹೀಗೆ ಬರೆದೆ: "ಮನೆಗೆಲಸದವರ ಜೊತೆ ಸುಮಾರು ನಲವತ್ತು ಸಂದರ್ಶನ, ಬರಹಕ್ಕಿಳಿಸಿದ್ದು, ಕೋಡಿಂಗ್, ವರದಿ." ಕರೆಗಳು ಬರತೊಡಗಿದ್ದು ಆಮೇಲೆ. ಎನ್‌ಜಿಒಗಳ ಮೌಲ್ಯಮಾಪನದ ಕೆಲಸಕ್ಕೂ ಇದೇ ಸಾಲು ನಡೆಯುತ್ತದೆ. ಸೋಶಿಯಲ್ ವರ್ಕ್ ಬೇರೆ, ಅದಕ್ಕೆ ಬೇರೆಯೇ ಓದು ಬೇಕು. ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಹಾಕಿ ಸಮಯ ಕಳೆಯಬೇಡಿ.

ಈಗ ಕೆಲಸ ಜಾಸ್ತಿಯಾದಾಗ ಎರಡನೇ ಕೋಡರ್ ಆಗಿ ಹೊಸಬರನ್ನು ತೆಗೆದುಕೊಳ್ಳುತ್ತೇನೆ, ನನ್ನ ಬಿಲ್ಲಿನ ಮೂರರಲ್ಲಿ ಒಂದು ಪಾಲು ಅವರದ್ದು. ಅಂಕಪಟ್ಟಿ ಕೇಳುವುದಿಲ್ಲ. ಹಳೆಯ ಕೆಲಸವೊಂದರಿಂದ ಹೆಸರು, ಗುರುತು ತೆಗೆದ ಐವತ್ತು ಉತ್ತರ ಕೊಟ್ಟು ಕೋಡ್‌ಬುಕ್ ಬರೆಯಲು ಹೇಳುತ್ತೇನೆ. "ಹೊರಗಿಡಬೇಕಾದ್ದು" ಸಾಲನ್ನು ಖಾಲಿ ಬಿಡದವರನ್ನು ಮಾರನೇ ದಿನವೇ ಕರೆಯುತ್ತೇನೆ.