ಬಾವಿ ತುಂಬಿದ್ದರೂ ನಳದ ಬಿಲ್ಲು ಮರೆಯಬೇಡಿ

ನಮ್ಮ ಉತ್ತರ ಕನ್ನಡದ ಕಡೆಯ ಮನೆಗಳಲ್ಲಿ ನೀರಿನ ಬಿಲ್ಲು ಬಾಕಿ ಬೀಳುವುದು ದುಡ್ಡಿಲ್ಲದೆ ಅಲ್ಲ, ಹಿತ್ತಲಲ್ಲಿ ಬಾವಿ ಇರುವುದರಿಂದ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಬಾವಿ ನೀರು ಮೇಲಕ್ಕೆ ಬರುತ್ತದೆ, ನಳದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಳ ತಿರುಗಿಸದಿದ್ದರೂ ಕನಿಷ್ಠ ಶುಲ್ಕ ಏರುತ್ತಲೇ ಇರುತ್ತದೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಂಡಾಗ, ಕಡಲ ಹತ್ತಿರದವರಿಗೆ ಬಾವಿ ನೀರು ಉಪ್ಪಾದಾಗ, ನಳದ ನೆನಪಾಗುತ್ತದೆ. ಸಂಪರ್ಕ ಕಡಿತದ ನೋಟಿಸು ಬರುವುದಕ್ಕೆ ಅದಕ್ಕಿಂತ ಕೆಟ್ಟ ಸಮಯವಿಲ್ಲ. ಹಾಗಾಗಿ ಮಳೆಗಾಲದ ಬಿಲ್ಲನ್ನು ಮಳೆಗಾಲದಲ್ಲೇ ಕಟ್ಟಿಬಿಡಿ.

ಕಾರವಾರದವರು ಕುಡಿಯುವುದು ಗಂಗಾವಳಿಯ ನೀರು, ಶಿರಸಿಯವರು ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯದ್ದು. ಹೊಳೆಯಿಂದ ಎತ್ತಿ, ಶುದ್ಧ ಮಾಡಿ, ಮನೆಯ ತನಕ ತರುವುದಕ್ಕೆ ಖರ್ಚಿದೆ. ಅದನ್ನು ಕೊಡುವುದು ನ್ಯಾಯವೇ. ಆದರೆ ಬಿಲ್ಲನ್ನು ಓದದೆ ಕಟ್ಟಬೇಡಿ.

ಬಿಲ್ಲು ಕೈಗೆ ಬಂದ ಕೂಡಲೇ ಮೀಟರಿನ ಹತ್ತಿರ ಹೋಗಿ, ಗಾಜಿನ ಮೇಲಿನ ಕೆಸರನ್ನು ಬಟ್ಟೆಯಿಂದ ಒರೆಸಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಘನ ಮೀಟರ್ ಲೆಕ್ಕ. ಒಂದು ಅಂಕಿ ಏರಿದರೆ 1000 ಲೀಟರ್ ಎಂದರ್ಥ. ಕೆಂಪು ಅಂಕಿಗಳು ಅದರ ಭಾಗಗಳು, ಅವನ್ನು ಬಿಟ್ಟುಬಿಡಿ. ಬಿಲ್ಲಿನಲ್ಲಿ ಬರೆದ ಈ ಸಲದ ರೀಡಿಂಗ್, ನಿಮ್ಮ ಮೀಟರ್ ಇವತ್ತು ತೋರಿಸುವುದಕ್ಕಿಂತ ಹೆಚ್ಚಿದ್ದರೆ ಏನೋ ತಪ್ಪಿದೆ. ಮೀಟರಿನ ಫೋಟೊ ತೆಗೆದುಕೊಂಡು ನೇರ ಕಚೇರಿಗೆ ಹೋಗಿ. ಕಟ್ಟಿದ ಮೇಲೆ ವಾದ ಮಾಡುವುದಕ್ಕಿಂತ ಕಟ್ಟುವ ಮೊದಲು ಕೇಳುವುದು ಸುಲಭ.

ರೀಡಿಂಗ್ ಸರಿಯಿದ್ದೂ ಬಿಲ್ಲು ಜಾಸ್ತಿ ಬಂದರೆ ಸೋರಿಕೆ ಹುಡುಕಬೇಕು. ನೀರು ಬಿಟ್ಟಿರುವ ಹೊತ್ತಿನಲ್ಲೇ ಇದನ್ನು ನೋಡಿ, ಪೈಪಿನಲ್ಲಿ ಒತ್ತಡವಿಲ್ಲದಾಗ ಏನೂ ತಿಳಿಯುವುದಿಲ್ಲ. ಮನೆಯ ಎಲ್ಲ ನಳ ಮುಚ್ಚಿ, ಟ್ಯಾಂಕ್ ತುಂಬಿ ನಿಂತ ಮೇಲೆ ಮೀಟರಿನ ಮುಖದಲ್ಲಿರುವ ಪುಟ್ಟ ಚಕ್ರವನ್ನು ದಿಟ್ಟಿಸಿ. ಅದು ಇನ್ನೂ ನಿಧಾನಕ್ಕೆ ತಿರುಗುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಹೆಚ್ಚಿನ ಸಲ ಅದು ಟ್ಯಾಂಕಿನ ಫ್ಲೋಟ್ ವಾಲ್ವ್ ಅಥವಾ ಶೌಚಾಲಯದ ಫ್ಲಶ್. ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಬಿಡಿ. ಮುಟ್ಟದೆಯೇ ಕೆಳಗೆ ಬಣ್ಣ ಇಳಿದರೆ ಒಳಗಿನ ರಬ್ಬರ್ ಸವೆದಿದೆ. ಅದನ್ನು ಬದಲಿಸುವುದು ಸಣ್ಣ ಖರ್ಚು, ಬಿಡುವುದು ದೊಡ್ಡ ಖರ್ಚು.

ಕಟ್ಟುವುದು ಈಗ ಕಷ್ಟವಲ್ಲ. ಪೇಟೆಯವರಿಗೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತ. ಹಳ್ಳಿಯವರಿಗೆ ಗ್ರಾಮ ಪಂಚಾಯತ. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಮೊಬೈಲಿನಿಂದ ಕಟ್ಟುವುದಾದರೆ, ಪಟ್ಟಿಯಲ್ಲಿ ನಿಮ್ಮ ಊರಿನ ಸಂಸ್ಥೆಯನ್ನೇ ಆರಿಸಲು ಹೇಳಿ. ಬೆಂಗಳೂರಿನ ಜಲಮಂಡಳಿಗೂ ನಮಗೂ ಸಂಬಂಧವಿಲ್ಲ. ನಳದ ಸಂಪರ್ಕದ ಸಂಖ್ಯೆ ಹಾಕಿದಾಗ ಕಾಣುವ ಹೆಸರು ನಿಮ್ಮ ಮನೆಯದ್ದೇ ಎಂದು ಓದಿ ನೋಡಿದ ಮೇಲೆ ಹಣ ಕಳಿಸಲಿ. ಎಷ್ಟೋ ಮನೆಗಳಲ್ಲಿ ಸಂಪರ್ಕ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ಬಿಡುವಿದ್ದಾಗ ಅದನ್ನು ಬದಲಿಸಿಕೊಳ್ಳಿ, ಮನೆ ಪಾಲಾಗುವಾಗ ಬಾಕಿ ಇಲ್ಲವೆಂಬ ಬೇಬಾಕಿ ಪತ್ರಕ್ಕೆ ಅಲೆಯುವುದು ತಪ್ಪುತ್ತದೆ. ಖಾತೆಯಿಂದ ಹಣ ಹೋಗಿ ರಸೀದಿ ಬರದಿದ್ದರೆ ಗಾಬರಿಯಿಂದ ಎರಡನೇ ಸಲ ಕಟ್ಟಬೇಡಿ, ವ್ಯವಹಾರದ ಸಂಖ್ಯೆ ಬರೆದಿಟ್ಟುಕೊಂಡು ವಿಚಾರಿಸಿ.

‘ಇವತ್ತು ರಾತ್ರಿ ನಿಮ್ಮ ನೀರು ಬಂದ್, ಈ ಲಿಂಕ್ ಒತ್ತಿ’ ಎಂಬ ಸಂದೇಶ ಬಂದರೆ ದಯವಿಟ್ಟು ಒತ್ತಬೇಡಿ. ಒಂಟಿಯಾಗಿರುವ ಹಿರಿಯರಿಗೆ ಇದನ್ನು ಮತ್ತೆ ಮತ್ತೆ ಹೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ರಸೀದಿ. ಸಣ್ಣ ಯಂತ್ರದಿಂದ ಬರುವ ನುಣುಪು ಕಾಗದದ ಅಕ್ಷರ ಕ್ರಮೇಣ ಮಾಸಿಹೋಗುತ್ತದೆ, ಅದರ ಜೆರಾಕ್ಸ್ ಮಾಡಿಸಿಡಿ. ನಮ್ಮ ಮಳೆಗೆ ಕಪಾಟಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಗೋಡೆಗೆ ತಾಗದಂತೆ ಇಡಿ, ನಳದ ಸಂಪರ್ಕದ ಸಂಖ್ಯೆಯನ್ನು ಲಕೋಟೆಯ ಮೇಲೇ ದೊಡ್ಡದಾಗಿ ಬರೆಯಿರಿ.