ಕರೆಂಟ್ ಹೋದರೆ ಲ್ಯಾಪ್‌ಟಾಪ್ ತಾನೇ ಮಲಗಲಿ ಅಂತ ಡೆವ್‌ಡಿ ಹಿಂದೆ ಬಿದ್ದ ಕಥೆ

ನಮ್ಮನೆ ಬಸವನಗುಡಿಯಲ್ಲಿ. ಏಪ್ರಿಲ್, ಮೇ ಬಂತು ಅಂದರೆ ಸಂಜೆ ಮೋಡ ಕವಿಯುತ್ತದೆ, ಗಾಳಿ ಏಳುತ್ತದೆ, ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಎರಡು ನಿಮಿಷಕ್ಕೆ ಬಂದರೂ ಬಂತು, ಊಟದ ಹೊತ್ತಿಗೆ ಬಂದರೂ ಬಂತು.

ಟಿವಿ ಪಕ್ಕ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ, ಮನೆಯವರ ಫೋಟೋ ಬ್ಯಾಕಪ್ ಎಲ್ಲ ಅದರಲ್ಲೇ. ಬ್ಯಾಟರಿ ಮುಕ್ಕಾಲು ಗಂಟೆ ತಡೆಯುತ್ತದೆ, ಆಮೇಲೆ ದಪ್ ಅಂತ ಆಫ್. ಹತ್ತು ನಿಮಿಷ ಆದರೂ ಕರೆಂಟ್ ಬರಲಿಲ್ಲ ಅಂದರೆ ನೆಟ್ಟಗೆ ಶಟ್‌ಡೌನ್ ಆಗಬೇಕು, ನನಗೆ ಬೇಕಿದ್ದದ್ದು ಇಷ್ಟೇ.

ಇದಕ್ಕೆ ಹೊಸದೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಿನ್ನೆಲೆಯಲ್ಲಿ ಓಡುವ ಡೆವ್‌ಡಿ ಅನ್ನುವ ಪ್ರೋಗ್ರಾಂ ಸಾಕು. ಫ್ರೀಬಿಎಸ್‌ಡಿ 5.0ರಿಂದಲೂ ಜೊತೆಗೇ ಬರುತ್ತದೆ. ಯುಎಸ್‌ಬಿ ಚುಚ್ಚಿದರು, ನೆಟ್‌ವರ್ಕ್ ಕೇಬಲ್ ಕಿತ್ತರು, ಚಾರ್ಜರ್ ನಿಂತಿತು ಅಂತ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಹೇಳುವ ಸುದ್ದಿ ಕೇಳಿಸಿಕೊಂಡು, ಹೊಂದುವ ನಿಯಮ ಇದ್ದರೆ ಅದರಲ್ಲಿರುವ ಕಮಾಂಡ್ ಓಡಿಸುವುದು ಅದರ ಕೆಲಸ.

ಮೊದಲು ಆ ಸುದ್ದಿಯನ್ನೇ ನೋಡೋಣ ಅಂತ ಡೆವ್‌ಡಿ ತನಗೆ ಬಂದ ಸುದ್ದಿಯನ್ನು ಹೊರಗೆ ಕೊಡುವ /ವಾರ್/ರನ್/ಡೆವ್‌ಡಿ.ಪೈಪ್ ಸಾಕೆಟ್ಟನ್ನು ಎನ್‌ಸಿ ಕಮಾಂಡಿನಿಂದ ತೆರೆದು ಕೂತೆ. ಪ್ಲಗ್ ಕಿತ್ತೆ, ಹಾಕಿದೆ. ಎರಡು ಸಾಲು ಬಂದವು: ಸಿಸ್ಟಮ್ ಎಸಿಪಿಐ (ವಿದ್ಯುತ್ ನೋಡಿಕೊಳ್ಳುವ ವ್ಯವಸ್ಥೆ), ಸಬ್‌ಸಿಸ್ಟಮ್ ಎಸಿಎಡಿ (ಚಾರ್ಜರ್), ನೋಟಿಫೈ ಕಿತ್ತಾಗ 0ಎಕ್ಸ್00, ಹಾಕಿದಾಗ 0ಎಕ್ಸ್01. ನಿಯಮಕ್ಕೆ ಬೇಕಾದ್ದೆಲ್ಲ ಅಷ್ಟರಲ್ಲೇ ಇದೆ. ಡೆವ್‌ಡಿಯ ಮುಖ್ಯ ಸೆಟ್ಟಿಂಗ್ ಫೈಲನ್ನು ಮುಟ್ಟದೆ /ಯುಎಸ್‌ಆರ್/ಲೋಕಲ್/ಇಟಿಸಿ/ಡೆವ್‌ಡಿ ಒಳಗೆ ಕಾನ್ಫ್ ಬಾಲದ ಫೈಲ್ ಮಾಡಿದೆ, ನಿಯಮಕ್ಕೆ 100 ಅಂತ ಪ್ರಯಾರಿಟಿ ಕೊಟ್ಟೆ, ಡೆವ್‌ಡಿ ರಿಸ್ಟಾರ್ಟ್ ಮಾಡಿದೆ. ಆ ನಿಯಮ ಓಡಿಸುವ ಸ್ಕ್ರಿಪ್ಟ್ ಕೂಡ ಸುಲಭ ಅಂದುಕೊಂಡೆ: 600 ಸೆಕೆಂಡ್ ಸ್ಲೀಪ್, ಆಮೇಲೆ ಶಟ್‌ಡೌನ್. ಕರೆಂಟ್ ಬಂದ ಸುದ್ದಿ ಸಿಕ್ಕರೆ ಆ ಸ್ಲೀಪನ್ನು ಕೊಲ್ಲುವುದು.

ಮೊದಲ ಮಳೆಗೇ ಮಾನ ಹೋಯಿತು. ಕರೆಂಟ್ ಎರಡೇ ನಿಮಿಷಕ್ಕೆ ವಾಪಸ್ ಬಂತು, ಫ್ಯಾನ್ ತಿರುಗುತ್ತಿದೆ, ಟಿವಿ ಓಡುತ್ತಿದೆ, ಹತ್ತನೇ ನಿಮಿಷಕ್ಕೆ ಸರಿಯಾಗಿ ಲ್ಯಾಪ್‌ಟಾಪ್ ಆರಿಹೋಯಿತು! ತಲೆ ಕೆರೆದುಕೊಂಡು ನೋಡಿದರೆ, ಡೆವ್‌ಡಿ ಒಂದು ಕಮಾಂಡ್ ಶುರು ಮಾಡಿದರೆ ಅದು ಮುಗಿಯುವವರೆಗೂ ಕಾಯುತ್ತದೆ. ನನ್ನ ಸ್ಕ್ರಿಪ್ಟ್ ಮಲಗಿದ್ದ ಆ ಹತ್ತು ನಿಮಿಷ ಡೆವ್‌ಡಿಯೂ ಮಲಗಿತ್ತು. ಕರೆಂಟ್ ಬಂದ ಸುದ್ದಿ ಬಾಗಿಲಲ್ಲೇ ನಿಂತಿತ್ತು, ಒಳಗೆ ಕರೆಯುವವರಿಲ್ಲ.

ಸ್ಲೀಪ್ ಕಿತ್ತೆಸೆದೆ. ಶಟ್‌ಡೌನ್ ಕಮಾಂಡಿಗೇ +10 (ಹತ್ತು ನಿಮಿಷ ಬಿಟ್ಟು) ಅಂತ ಕೊಟ್ಟರೆ ಅದು ಹಿನ್ನೆಲೆಗೆ ಹೋಗಿ ಕೂರುತ್ತದೆ, ಡೆವ್‌ಡಿ ಬಿಡುವಾಗುತ್ತದೆ. 0ಎಕ್ಸ್01 ಬಂದಾಗ ಪಿಕಿಲ್ ಶಟ್‌ಡೌನ್ ಅಂತ ಅದನ್ನು ಕೊಲ್ಲುವುದು, ಅಷ್ಟೇ. ಕಾಯುತ್ತಿರುವ ಶಟ್‌ಡೌನ್ ರದ್ದು ಮಾಡಲು ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ಹೇಳುವ ದಾರಿಯೂ ಇದೇ, ಅದನ್ನು ಮೊದಲೇ ಓದಿದ್ದರೆ ಒಂದು ಸಂಜೆ ಉಳಿಯುತ್ತಿತ್ತು ಅಲ್ವಾ.

ಇನ್ನೊಂದು ಎಡವಟ್ಟು ಗೊತ್ತಾಗಲು ವಾರ ಹಿಡಿಯಿತು. ಬ್ಯಾಟರಿ ಮೇಲೆ ಓಡುವಾಗ ಲ್ಯಾಪ್‌ಟಾಪ್ ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತಿತ್ತು. ವಿಷಯ ಏನೆಂದರೆ, ಇದೇ ಎಸಿಎಡಿ ಸುದ್ದಿಗೆ ಮೂಲ ಫೈಲಿನಲ್ಲಿ ಆಗಲೇ ಒಂದು ನಿಯಮ ಇದೆ, ಪ್ರಯಾರಿಟಿ 10. ಚಾರ್ಜರ್ ಇದೆಯೋ ಇಲ್ಲವೋ ನೋಡಿ ಸಿಪಿಯು ವೇಗ ಬದಲಿಸುವ ಪವರ್ ಪ್ರೊಫೈಲ್ ಸ್ಕ್ರಿಪ್ಟನ್ನು ಕರೆಯುವುದು ಅದೇ. ಒಂದು ಸುದ್ದಿಗೆ ಎರಡು ನಿಯಮ ಹೊಂದಿದರೆ ಎರಡೂ ಓಡುತ್ತವೆ ಅಂದುಕೊಂಡಿದ್ದೆ. ಇಲ್ಲ, ದೊಡ್ಡ ಸಂಖ್ಯೆಯದು ಮಾತ್ರ ಓಡುತ್ತದೆ. ನನ್ನ 100 ಬಂದು ಅದರ 10ನ್ನು ಸುಮ್ನೆ ಕೂರಿಸಿತ್ತು. ಈಗ ನನ್ನ ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಪವರ್ ಪ್ರೊಫೈಲನ್ನೂ ಕರೆಯುತ್ತೇನೆ, ನೋಟಿಫೈ ಬೆಲೆಯನ್ನು ಹಾಗೇ ದಾಟಿಸಿ.

ಮೊನ್ನೆ ಮಳೆಗೆ ಆರು ಗಂಟೆಗೆ ಹೋದ ಕರೆಂಟ್ ಎಂಟೂವರೆಗೆ ಬಂತು. ಲಾಗ್ ನೋಡಿದೆ, ಆರೂ ಹತ್ತಕ್ಕೆ ಶಟ್‌ಡೌನ್. ಮತ್ತೆ ಆನ್ ಮಾಡಲು ಮಾತ್ರ ನಾನೇ ಎದ್ದು ಹೋಗಿ ಬಟನ್ ಒತ್ತಬೇಕು.